ಹೋಲ್ಡಾನ್ ಎನ್ನುವವಳ ಜೊತೆಗಾತಿ

ಸಮುದ್ರ ದಾಟಿ ಆ ಪುಣ್ಯಭೂಮಿಗೆ ಬಂದದ್ದು ಮನಸ್ಸಿನ ಕೊಳೆ ತೊಳೆಯಲಿಕ್ಕೆ. ಆದರೆ ಅಲ್ಲಿ ಸೇರಿದ್ದ ಪಾಠಶಾಲೆಗೆ ರಜೆ ಶುರುವಾದಾಗಿನಿಂದ ಕಂಡಕ್ಟರಮ್ಮನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿ ಉರಿಯುತ್ತಿತ್ತು. ಅದಕ್ಕೆ ಕಾರಣ ಜೇನುಡಬ್ಬಿ.

ಜೇನುಡಬ್ಬಿ ಎನ್ನುವುದು ಆ ಹೆಂಗಸಿನ ಹೆಸರಲ್ಲ, ಕಂಡಕ್ಟರಮ್ಮ ಇಟ್ಟದ್ದು. ಅವಳು ಯಾರು ಏನು ಹೇಳಿದರೂ "ಅಯ್ಯೋ, ಎಷ್ಟು ಚೆನ್ನಾಗಿ ಹೇಳಿದ್ರಿ ಅಕ್ಕಾ!" ಎಂದು ಕಣ್ಣರಳಿಸುತ್ತಿದ್ದಳು. ಮಳೆ ಬರೋ ಹಾಗಿದೆ ಅಂದರೂ ಅದೇ ಮಾತು.

ಆ ಪಾಠಶಾಲೆಯಲ್ಲಿ ಹಳೆಯ ಗ್ರಂಥ ಓದಲು ಒಂದು ಕ್ರಮವಿತ್ತು. ಇಬ್ಬರಿಗೆ ಒಂದೇ ಪುಸ್ತಕ. ಒಬ್ಬರು ಓದಿ ಅರ್ಥ ಹೇಳಬೇಕು, ಇನ್ನೊಬ್ಬರು ಅಲ್ಲಲ್ಲಿ ತಡೆದು ತಪ್ಪು ಹುಡುಕಬೇಕು. ಒಂಟಿಯಾಗಿ ಓದಿದರೆ ಓದಿದ ಲೆಕ್ಕಕ್ಕೇ ಇಲ್ಲ. ಕಂಡಕ್ಟರಮ್ಮನಿಗೆ ಜೊತೆಗಾತಿಯಾಗಿ ಸಿಕ್ಕವಳು ನರ್ಸಕ್ಕ. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವಳು, ಮಾತು ಮೆಲ್ಲಗೆ, ಇಂಜೆಕ್ಷನ್ ಚುಚ್ಚಿದರೂ ಗೊತ್ತಾಗದಂಥ ಕೈ. ಮೊದಲ ದಿನ ಆ ಹಳೆಯ ಲಿಪಿ ಕಂಡಕ್ಟರಮ್ಮನಿಗೆ ಸಕ್ಕರೆಗೆ ಮುತ್ತಿದ ಇರುವೆಯ ಹಾಗೆ ಕಂಡಿತ್ತು. ನರ್ಸಕ್ಕ ಅವಳ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಓಡಿಸಿದ್ದಳು. ಅದಕ್ಕೆ ಕಂಡಕ್ಟರಮ್ಮ ಇವತ್ತಿನವರೆಗೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಬದಲಿಗೆ ನರ್ಸಕ್ಕ ಎರಡು ಸಾಲು ಓದುವಷ್ಟರಲ್ಲಿ, ಊರಲ್ಲಿ ಬಸ್ಸು ನಿಲ್ಲಿಸುತ್ತಿದ್ದ ದನಿಯಲ್ಲೇ "ಹೋಲ್ಡಾನ್!" ಎಂದು ಕೂಗುತ್ತಿದ್ದಳು. ಉತ್ತರ ಒಪ್ಪಿಗೆಯಾದರೆ "ರೈಟ್!" ಎನ್ನುತ್ತಿದ್ದಳು. ಆಗ ಪಾಠ ಮುಂದಕ್ಕೆ ಚಲಿಸುತ್ತಿತ್ತು.

ರಜೆಗೆ ಹೆಚ್ಚಿನವರು ಊರಿಗೆ ಹೋದರು. ಹೋಗಲಾಗದ ಹತ್ತು ಹನ್ನೆರಡು ಮಂದಿ ಉಳಿದರು. ಜೇನುಡಬ್ಬಿಯ ಜೊತೆಗಾತಿ ಕಾಯಿಲೆ ಬಿದ್ದು ಊರಿಗೆ ಹೋದವಳು ಇನ್ನು ಬರುವುದಿಲ್ಲ ಎಂದು ಸುದ್ದಿ ಬಂತು. ಮೇಷ್ಟ್ರು ನರ್ಸಕ್ಕ, ಕಂಡಕ್ಟರಮ್ಮ, ಜೇನುಡಬ್ಬಿ ಮೂವರನ್ನೂ ಕರೆದು ಹೇಳಿದರು: "ರಜೆ ಮುಗಿಯೋ ಸಂಜೆ ಎಲ್ಲರೂ ಒಟ್ಟಿಗೆ ಊಟ ಮಾಡೋಣ. ಕೃತಜ್ಞತೆಯ ಪಾಠ ಇದೆಯಲ್ಲ, ಅದರ ಅರ್ಥ ನರ್ಸಮ್ಮ ಹೇಳಲಿ. ಆಮೇಲೆ ನಿಮ್ಮಿಬ್ಬರಲ್ಲಿ ತಮಗೆ ಯಾರು ಜೊತೆ ಅಂತ ಅವರೇ ಆರಿಸ್ಕೊಳ್ಳಲಿ. ಮಿಕ್ಕವರೊಬ್ಬರು ಹೊಸಬರ ಬೆಂಚಿಗೆ."

ಹೊಸಬರ ಬೆಂಚು ಅಂದರೆ ಮತ್ತೆ ಮೊದಲ ಅಕ್ಷರದಿಂದ. ಅಷ್ಟು ದೂರ ಬಂದು, ಅಷ್ಟು ಇರುವೆಗಳನ್ನು ಪಳಗಿಸಿ!

ಅವತ್ತಾದರೂ ಕಂಡಕ್ಟರಮ್ಮ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. ಒಂದೇ ಸಾಲಿಗೆ ನಾಲ್ಕು ಸಲ ಹೋಲ್ಡಾನ್ ಅಂದಳು. ನರ್ಸಕ್ಕ ಪುಸ್ತಕ ಮುಚ್ಚಿದಳು.

"ರಜೆಯಲ್ಲಾದ್ರೂ ಸ್ವಲ್ಪ ಉಸಿರಾಡೋಕೆ ಬಿಡೇ ತಾಯಿ. ತಲೆ ಸಿಡಿಯುತ್ತೆ."

"ಓಹೋ! ನನ್ನ ದನಿ ಕೇಳಿದ್ರೆ ತಲೆನೋವು ಬರುತ್ತೆ ಅನ್ನು. ಸರಿ, ಇನ್ನು ನಾನು ಬಾಯಿ ಬಿಟ್ರೆ ಕೇಳಕ್ಕ!"

ಮಾರನೇ ದಿನ ನೋಡಿದರೆ ಊಟದ ಕೋಣೆಯಲ್ಲಿ ನರ್ಸಕ್ಕನ ಪಕ್ಕ ಪುಸ್ತಕ ಬಿಚ್ಚಿಕೊಂಡು ಜೇನುಡಬ್ಬಿ. ತಾನು ದಿನಾ ಕೂರುತ್ತಿದ್ದ ಕುರ್ಚಿಯಲ್ಲೇ! ಕಂಡಕ್ಟರಮ್ಮ ಕಿಟಕಿಯ ಹೊರಗಿನ ಹಗ್ಗದ ಮೇಲೆ ಒಗೆದ ಬಟ್ಟೆ ಹರವುವ ನೆಪ ಮಾಡಿದಳು. ಒಣಗಿದ ಟವಲನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತ ಕಿವಿ ಒಳಗಿಟ್ಟಳು. ಒಳಗೆ ನಗು. "ಎಷ್ಟು ಚೆನ್ನಾಗಿ ಹೇಳಿದ್ರಿ ಅಕ್ಕಾ!" ಮತ್ತೆ ನಗು. ಟವಲಿನ ಬದಲು ಕೈಗೆ ಜೇನುಡಬ್ಬಿಯ ಜುಟ್ಟು ಸಿಕ್ಕಿದ್ದರೆ ಅವತ್ತು ಪುಣ್ಯಭೂಮಿಯಲ್ಲೇ ಒಂದು ಪಾಪ ನಡೆದುಹೋಗುತ್ತಿತ್ತು. ರಜೆಯುದ್ದಕ್ಕೂ ಅವಳ ಲೆಕ್ಕದಲ್ಲಿ ಆ ಟವಲು ಒಣಗಲೇ ಇಲ್ಲ.

ಕೊನೆಯ ಸಂಜೆ ಬಂತು. ಮೇಜುಗಳನ್ನು ಸೇರಿಸಿ ಉದ್ದಕ್ಕೆ ಇಟ್ಟಿದ್ದರು. ಕಂಡಕ್ಟರಮ್ಮ ಬೇಕೆಂದೇ ತುದಿಯಲ್ಲಿ, ಬಾಗಿಲ ಪಕ್ಕ ಕುಳಿತಳು. ನರ್ಸಕ್ಕ ಮುಳುಗಲಿ, ನನಗೇನು ಎಂದುಕೊಂಡಳು.

ನರ್ಸಕ್ಕ ಎದ್ದು ನಿಂತು ಪಾಠ ಹೇಳಿದಳು. ಬಿಸಿಲಲ್ಲಿ ಬಳಲಿ ಬಂದ ದಾರಿಹೋಕನಿಗೆ ಒಬ್ಬ ಬಾವಿ ತೋರಿಸಿದ, ಇನ್ನೊಬ್ಬ ನೀರು ಸೇದಿ ಕೊಟ್ಟ. ದಾರಿಹೋಕ ಮೊದಲು ಕೈಮುಗಿಯಬೇಕಾದದ್ದು ಯಾರಿಗೆ?

"ಸೇದಿ ಕೊಟ್ಟವನಿಗೆ," ಎಂದಳು ನರ್ಸಕ್ಕ. ಎಂದು ನಿಲ್ಲಿಸಿದಳು.



"ಯಾಕಂದ್ರೆ..." ಮತ್ತೆ ನಿಲ್ಲಿಸಿದಳು. ನಿಲ್ಲಿಸಿ ಬಾಗಿಲ ಕಡೆ ನೋಡಿದಳು.

"ಎಷ್ಟು ಚೆನ್ನಾಗಿದೆ ಅಕ್ಕಾ!" ಎಂದಳು ಜೇನುಡಬ್ಬಿ.

ನರ್ಸಕ್ಕನ ಹಣೆಯಲ್ಲಿ ಬೆವರು ಕಾಣಿಸಿತು. ಅಷ್ಟು ತಿಂಗಳು ತಡೆ ಬಿದ್ದಲ್ಲಿ ಕಾಲು ಊರಿ ಮುಂದೆ ಹೋಗುವ ಅಭ್ಯಾಸ. ಈಗ ತಡೆಯೇ ಇಲ್ಲ, ಎಲ್ಲಿ ಕಾಲೂರುವುದು? ಕಂಡಕ್ಟರಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಬೇಕಿತ್ತು ನಿನಗೆ! ಜೇನು ನೆಕ್ಕು ಈಗ! ಆದರೆ ಗಂಟಲಲ್ಲಿ ಏನೋ ಕೆರೆಯಿತು. ನೀರು ಕುಡಿದಳು. ಹೋಗಲಿಲ್ಲ.

"ಯಾಕಂದ್ರೆ," ನರ್ಸಕ್ಕ ಮತ್ತೆ ಶುರು ಮಾಡಿದಳು, "ಅವನ ಹತ್ರ ಹಗ್ಗ ಇತ್ತು..."

"ಹೋಲ್ಡಾನ್!"

ಮೇಷ್ಟ್ರ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಕಂಡಕ್ಟರಮ್ಮ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಿಲ್ಲ.

"ಹಗ್ಗ ಎಲ್ಲಿಂದ ಬಂತು? ಪಾಠದಲ್ಲಿ ಹಗ್ಗದ ಸುದ್ದಿನೇ ಇಲ್ಲ. ಬಾಯಿಗೆ ಬಂದ ಹಾಗೆ ಹೇಳಬೇಡ!"

ನರ್ಸಕ್ಕನ ಮುಖಕ್ಕೆ ಕಳೆ ಬಂತು. ಪುಸ್ತಕ ಎತ್ತಿ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿದೆ ನೋಡು ಹಗ್ಗ! ಎದುರು ಕೂತು ಓದಿದ್ರೆ ತಾನೇ ಗೊತ್ತಾಗೋದು? ಕಿಟಕಿ ಹೊರಗೆ ಟವಲ್ ಹಿಡ್ಕೊಂಡು ನಿಂತ್ರೆ ಅರ್ಧ ಮಾತ್ರ ಕೇಳಿಸುತ್ತೆ."

ಮೇಜಿನ ಸುತ್ತ ನಗು ಭುಗಿಲೆದ್ದಿತು. ಕಂಡಕ್ಟರಮ್ಮನ ಕಿವಿ ಕೆಂಡವಾಯಿತು. ಮರ್ಯಾದೆ ಮೂರು ಕಾಸಿಗೆ ಹೋಯಿತು. ಆದರೆ ಹೋದ ಮೇಲೆ ಇನ್ನೇನು ಭಯ?

"ಇರಲಿ ಹಗ್ಗ! ಬಾವಿ ಎಲ್ಲಿದೆ ಅಂತಲೇ ಗೊತ್ತಿಲ್ದಿದ್ರೆ ಅವನ ಹಗ್ಗ ನೇಣು ಹಾಕ್ಕೊಳ್ಳೋಕಾ? ತೋರಿಸಿದವನೇ ದೊಡ್ಡವನು!"

"ತೋರಿಸಿದವನು ತೋರಿಸಿ ತನ್ನ ದಾರಿ ಹಿಡಿದ. ಔಷಧಿ ಹೆಸರು ಹೇಳಿ ಔಷಧಿ ಕೊಡದೆ ಹೋದ ಡಾಕ್ಟರ ಹಾಗೆ. ನೀರು ಕಣ್ಣಿಗೆ ಕಂಡು ಬಾಯಿಗೆ ಸಿಗದಿದ್ರೆ ಬಾಯಾರಿಕೆ ಇನ್ನೂ ಜಾಸ್ತಿ ಕಣೇ!"

ಆಮೇಲೆ ಇಬ್ಬರೂ ಯಾರ ಮುಖವನ್ನೂ ನೋಡಲಿಲ್ಲ. ಬಾವಿ, ಕೊಡ, ಬಿಸಿಲು ಎಲ್ಲವನ್ನೂ ಎಳೆದಾಡಿದರು. ಬಡಿಸಿದ್ದು ತಣ್ಣಗಾಯಿತು. ಕೊನೆಗೆ ಕಂಡಕ್ಟರಮ್ಮನ ಬತ್ತಳಿಕೆ ಬರಿದಾಯಿತು. ಕುಳಿತಳು. ನೀರು ಸೇದಿದವನೇ ಗೆದ್ದ.

ತನ್ನ ಬೆರಳು ಹಿಡಿದು ಅಕ್ಷರದ ಮೇಲೆ ಓಡಿಸಿದ ಆ ಕೈ ನೆನಪಾಯಿತು. ಲಿಪಿ ತೋರಿಸಿದವರು ಮೇಷ್ಟ್ರು. ಸೇದಿ ಕೊಟ್ಟವಳು ಇವಳು. ಅಷ್ಟನ್ನು ಬಾಯಿಬಿಟ್ಟು ಹೇಳಬೇಕೆಂದುಕೊಂಡಳು. ಬಾಯಿಗೆ ಬಂದದ್ದು ಒಂದೇ ಮಾತು.

"ರೈಟ್."

ಅದನ್ನು ಅವಳು ಅಷ್ಟು ಮೆಲ್ಲಗೆ ಹೇಳಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನರ್ಸಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು.

"ಯಾರನ್ನ ಆರಿಸ್ಕೊಳ್ತೀರಮ್ಮ?" ಎಂದರು ಮೇಷ್ಟ್ರು.

"ಇನ್ಯಾರನ್ನ ಮೇಷ್ಟ್ರೇ? ತಲೆನೋವಿನ ಮಾತ್ರೆ ನನ್ನ ಹತ್ರ ಇದೆ." ನರ್ಸಕ್ಕ ಜೇನುಡಬ್ಬಿಯ ಕಡೆ ನೋಡಿದಳು. "ಆದ್ರೆ ಈ ತಂಗೀನ ಹೊಸಬರ ಬೆಂಚಿಗೆ ಕಳಿಸೋದು ಬೇಡ. ನಮ್ಮ ಜೊತೆಗೇ ಕೂರಲಿ, ಏನೇ?" ಎಂದು ಕಂಡಕ್ಟರಮ್ಮನ ಕಡೆ ತಿರುಗಿದಳು.

ಕಂಡಕ್ಟರಮ್ಮನ ಹೊಟ್ಟೆಯ ಕಿಚ್ಚು ಆರಿತ್ತೆಂದಲ್ಲ. ಬೂದಿ ಸರಿಸಿದರೆ ಕೆಂಡ ಹಾಗೇ ಇತ್ತು. ಜೇನುಡಬ್ಬಿ ಕೈ ಜೋಡಿಸಿಕೊಂಡು, "ಎಷ್ಟು ಚೆನ್ನಾಗಿ ಜಗಳ ಆಡ್ತೀರಿ ಅಕ್ಕಾ!" ಎಂದು ಇವಳನ್ನೇ ನೋಡುತ್ತಿದ್ದಳು. ಕಣ್ಣಂಚಿನಲ್ಲಿ ಹೊಸಬರ ಬೆಂಚಿನ ಹೆದರಿಕೆ ಇತ್ತು.

ಕಂಡಕ್ಟರಮ್ಮ ತನ್ನ ತಟ್ಟೆ ಎತ್ತಿಕೊಂಡು ಹೋಗಿ ನರ್ಸಕ್ಕನ ಪಕ್ಕದ ಕುರ್ಚಿಯಲ್ಲಿ ಒತ್ತಿ ಕುಳಿತಳು.

"ಸೀಟಿಲ್ಲ," ಎಂದಳು. ಆಮೇಲೆ ಗೊಣಗಿದಳು: "ನಿಂತ್ಕೊಂಡು ಬರೋದಾದ್ರೆ ಬರಲಿ."