ಹಿಂಬದಿ ಖಾಲಿ ಇದ್ದ ಕಾರ್ಡು

ಚಳಿ ಆಗಷ್ಟೇ ಶುರುವಾಗಿತ್ತು, ಬೆಳಗಿನ ಏಳೂವರೆ. ತಮ್ಮನಿಗೆ ಕೊನೆಯದಾಗಿ ತೊಡಿಸಬೇಕಾದ ಅಂಗಿಗೆ ಅಕ್ಕ ಇಸ್ತ್ರಿ ಹಾಕುತ್ತಿದ್ದಳು. ಎದೆಯ ಜೇಬಿನ ಹತ್ತಿರ ಇಸ್ತ್ರಿಪೆಟ್ಟಿಗೆ ಏನನ್ನೋ ಎಡವಿತು. ಆಸ್ಪತ್ರೆಯ ಬಟ್ಟೆಗಳಿಗೆ ಮೂವತ್ತು ವರ್ಷ ಇಸ್ತ್ರಿ ತಿಕ್ಕಿದ ಕೈ ಅದು. ಜೇಬು ನೋಡದೆ ಬಟ್ಟೆ ಹಾಸಿದ್ದು ಅದೇ ಮೊದಲು.

ಒಂದು ಕಾರ್ಡು. ಅಂಥವನ್ನು ಅವಳು ಸಾವಿರ ನೋಡಿದ್ದಳು. ಶಾಲೆಯ ಮಕ್ಕಳು ಒಂದು ಬದಿಗೆ ಪ್ರಶ್ನೆ ಬರೆಯುತ್ತಿದ್ದರು, ಇನ್ನೊಂದು ಬದಿ ಖಾಲಿ ಇರುತ್ತಿತ್ತು. ಇದರ ಮೂಲೆಗಳು ಸವೆದು ದುಂಡಗಾಗಿದ್ದವು. ಅಕ್ಷರ ಮಾತ್ರ ಯಾವ ಮಗುವಿನದೂ ಅಲ್ಲ, ತಮ್ಮನದೇ. ಅಕ್ಕ ಕಿಟಕಿಯ ಬಳಿ ಹೋಗಿ, ಅಕ್ಷರ ಅಕ್ಷರ ಕೂಡಿಸಿ ಓದಿದಳು.

‘ಗಂಟೆ ಹೊಡೆದ ಮೇಲೆ ಅಂಗೈಯಿಂದ ಹಿಡಿದರೆ ಸದ್ದು ನಿಲ್ಲುತ್ತದೆ. ನಿಂತ ಸದ್ದು ಎಲ್ಲಿಗೆ ಹೋಯಿತು?’

ಅವನ ಅಂಗಿಗಳನ್ನೆಲ್ಲ ಒಗೆದವಳು ಅವಳೇ. ಒಂದು ದಿನವೂ ಇದು ಅವಳ ಕೈಗೆ ಸಿಕ್ಕಿರಲಿಲ್ಲ. ಅಂದರೆ ಅಂಗಿ ಬದಲಿಸಿದಾಗಲೆಲ್ಲ ಜೇಬಿನಿಂದ ಜೇಬಿಗೆ ದಾಟಿಸಿಕೊಂಡು ಬಂದಿದ್ದಾನೆ, ತೊಡಲೆಂದು ತೆಗೆದಿಟ್ಟಿದ್ದ ಈ ಅಂಗಿಗೂ. ಎಷ್ಟು ವರ್ಷದಿಂದಲೋ. ಮನೆಯಲ್ಲಿ ಇದ್ದವರೇ ಇಬ್ಬರು, ಅದರಲ್ಲೂ ಒಬ್ಬರದು ಇನ್ನೊಬ್ಬರಿಗೆ ಕಾಣದ ಒಂದು ಜೇಬು.

ನಾಲ್ಕು ಗಂಟೆಗೆ ಅವನನ್ನು ಒಯ್ಯುವ ವ್ಯಾನು ಬರುವುದಿತ್ತು. ಅಷ್ಟರೊಳಗೆ ಓದಿದವರು ಹತ್ತಾರು ಜನ ಬರುತ್ತಾರೆ. ಯಾರನ್ನಾದರೂ ಕೇಳಬೇಕು, ಉತ್ತರ ತಿಳಿದುಕೊಂಡೇ ಅವನನ್ನು ಕಳಿಸಬೇಕು ಎಂದುಕೊಂಡು ಅಕ್ಕ ಕಾರ್ಡನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡಳು.

*

ತಮ್ಮನದು ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನನ ಕೆಲಸವಾಗಿತ್ತು. ಇಪ್ಪತ್ತಾರು ವರ್ಷದ ಹಿಂದೆ ಏಳನೇ ತರಗತಿಯ ಒಬ್ಬ ಹುಡುಗಿ, ಲಾರಿ ಹೋದಾಗ ಸೇತುವೆ ಯಾಕೆ ಗುಂಯ್‌ಗುಡುತ್ತದೆ ಎಂದು ಕೇಳಿ ವಿಜ್ಞಾನದ ಮೇಷ್ಟರ ತಲೆ ತಿಂದಿದ್ದಳಂತೆ. ಅದು ಪರೀಕ್ಷೆಗೆ ಬರುವುದಿಲ್ಲ ಎಂದುಬಿಟ್ಟರು ಮೇಷ್ಟರು. ಬಾಗಿಲಲ್ಲಿ ನಿಂತಿದ್ದ ತಮ್ಮ ಆ ಪ್ರಶ್ನೆಯನ್ನು ಕಾರ್ಡಿನ ಮೇಲೆ ಬರೆಸಿಕೊಂಡು, ಸೇತುವೆ ಕಚೇರಿಗೆ ನಡೆದುಹೋಗಿ, ಇಂಜಿನಿಯರ ಮೇಜಿನ ಮೇಲಿಟ್ಟ. ಅವರು ಅದನ್ನು ತಿರುವಿ, ಹಿಂಬದಿಯಲ್ಲಿ ‘ಶನಿವಾರ ನಾಲ್ಕು ಗಂಟೆ’ ಎಂದು ಬರೆದುಕೊಟ್ಟರು.

ಆ ಶನಿವಾರ ಅವನೂ ಒಳಗೆ ಕೂತ. ಇಂಜಿನಿಯರು ದೊಡ್ಡವನೆಂದು ಅವನ ಮುಖ ನೋಡಿಕೊಂಡೇ ಮಾತಾಡಿದರು. ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು. ಅವನು ಎದ್ದು ಬಂದು ಹೊರಗಿನ ಬೆಂಚಿನ ಮೇಲೆ ಕೂತದ್ದೇ ತಡ, ಒಳಗೆ ಮಾತು ಹತ್ತಿತು. ಅಲ್ಲಿಂದ ಮುಂದೆ ಅವನು ಯಾವ ಬಾಗಿಲನ್ನೂ ದಾಟಲಿಲ್ಲ. ಹವಾಮಾನ ಕಚೇರಿ, ಎಕ್ಸ್‌ರೇ ಕೋಣೆ, ನೀರಿನ ಪಂಪುಮನೆ, ಎಲ್ಲ ಕಡೆ ಮಗುವನ್ನು ಒಳಗೆ ಬಿಟ್ಟು ತಾನು ಹೊರಗೆ ಕೂರುತ್ತಿದ್ದ. ಶಾಲೆಯಲ್ಲಿ ವಿಜ್ಞಾನ ಕ್ಲಬ್ಬು ಶುರುವಾದದ್ದೂ, ಪ್ರತಿ ವರ್ಷ ಮಕ್ಕಳು ಸ್ಪರ್ಧೆಗೆ ಹೊರಡುವಂತಾದದ್ದೂ ಹೀಗೆಯೇ. ಅವನದು ಒಂದೇ ಕಟ್ಟಳೆ: ಕಚೇರಿಯವರು ಹೊತ್ತು ಕೊಟ್ಟ ಮೇಲೆ ಹೋಗದೇ ಇರಬಾರದು. ಜ್ವರವಿರಲಿ, ಮಳೆಯಿರಲಿ, ಹೋಗಬೇಕು.

ಮೊದಲ ಸ್ಪರ್ಧೆಗೆ ಮಕ್ಕಳು ಕಡ್ಡಿಯ ಸೇತುವೆ ಕಟ್ಟಿದ್ದರು. ಬಸ್ಸಿನ ಕುಲುಕಾಟಕ್ಕೆ ಮುರಿದೀತೆಂದು ತಮ್ಮ ಅದನ್ನು ಮೂರು ಗಂಟೆ ತೊಡೆಯ ಮೇಲೆ ಹಿಡಿದು ಕೂತ, ನೀರು ಕುಡಿಯಲೂ ಇಳಿಯಲಿಲ್ಲ. ಬಹುಮಾನದ ಫೋಟೊದಲ್ಲಿ ಅಕ್ಕ ಅವನನ್ನು ಹುಡುಕಿ ಹುಡುಕಿ ಸೋತಳು. ಚೀಲ ಕಾಯುತ್ತಿದ್ದೆ ಎಂದ.

“ಊರವರ ಮಕ್ಕಳೆಲ್ಲ ಕೇಳಿದ್ದಾಯ್ತು. ನಿನಗೇನೂ ಕೇಳೋದಿಲ್ವೇನೋ?” ಎಂದಿದ್ದಳು ಅಕ್ಕ ಒಮ್ಮೆ.

ಅವನು ತಟ್ಟೆಯಿಂದ ತಲೆ ಎತ್ತಿರಲಿಲ್ಲ. “ನಾನು ಕೇಳಿದ್ರೆ ಒಂದು ಮಗೂನ ಸರದಿ ತಪ್ಪುತ್ತಲ್ಲಕ್ಕ.”

*

ಹನ್ನೊಂದಕ್ಕೆಲ್ಲ ನಡುಮನೆ ತುಂಬಿತು. ಗೋಡೆಯ ಪಕ್ಕದ ಮಂಚದ ಮೇಲೆ ತಮ್ಮ ಇಸ್ತ್ರಿಯ ಅಂಗಿಯಲ್ಲಿ ಮಲಗಿದ್ದ. ಬಂದವರು ಒಂದು ಗಳಿಗೆ ಅವನೆದುರು ನಿಂತು, ಆಮೇಲೆ ಒಬ್ಬರನ್ನೊಬ್ಬರು ಗುರುತು ಹಿಡಿದು ಪಿಸುಗುಟ್ಟತೊಡಗಿದರು. ಸೇತುವೆ ಇಂಜಿನಿಯರಿಗೆ ಈಗ ತಲೆ ನರೆತಿತ್ತು. ಅಂದಿನ ಆ ಏಳನೇ ತರಗತಿಯ ಹುಡುಗಿ ಈಗ ಹವಾಮಾನ ಕಚೇರಿಯ ಅಧಿಕಾರಿ. ಶಾಲೆಯ ಹೆಡ್‌ಮಿಸ್ಸು ಇಬ್ಬರ ನಡುವೆ ನಿಂತು, ಮುಂದಿನ ತಿಂಗಳ ಸ್ಪರ್ಧೆಗೆ ಮಕ್ಕಳನ್ನು ಯಾರು ತಯಾರು ಮಾಡುತ್ತಾರೆಂದು ಕೇಳುತ್ತಿದ್ದರು. ಅವರು ಇವರ ನಂಬರು ಬರೆದುಕೊಂಡರು, ಇವರು ಅವರದು. ಸತ್ತ ಮೇಲೂ ಅವನು ಜನರನ್ನು ಜೋಡಿಸುತ್ತಲೇ ಇದ್ದ, ತಾನು ಮಾತ್ರ ಮಾತಿನಿಂದ ಹೊರಗೆ.

ಅಕ್ಕ ಎರಡು ಸಲ ಎದ್ದಳು, ಎರಡು ಸಲವೂ ಕೂತಳು. ಓದಿದವರ ಮಾತಿನ ನಡುವೆ ಬಾಯಿ ಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ. ಮುಷ್ಟಿಯೊಳಗೆ ಕಾರ್ಡು ಬೆವರುತ್ತಿತ್ತು.

ಮೂರೂವರೆಗೆ ಹೆಡ್‌ಮಿಸ್ಸು, ಯಾರಾದರೂ ಅವನ ಬಗ್ಗೆ ಎರಡು ಮಾತು ಆಡಬೇಕು ಎಂದರು. ಎಲ್ಲರೂ ಇಂಜಿನಿಯರ ಕಡೆ ನೋಡಿದರು.

“ಬಹಳ ಒಳ್ಳೆ ಮನುಷ್ಯ,” ಎಂದರು ಅವರು. “ಹೊತ್ತಿಗೆ ಸರಿಯಾಗಿ ಬರೋನು.” ಅಷ್ಟು ಹೇಳಿ ಹವಾಮಾನದವಳ ಕಡೆ ತಿರುಗಿದರು.

ಹವಾಮಾನದವಳು ಕಣ್ಣೊರೆಸಿಕೊಂಡಳು. “ಗಂಟೆ ಮಾಮನ ಮುಖ ನನಗೆ ಸರಿಯಾಗಿ ನೆನಪಿಲ್ಲ ಕಣ್ರೀ. ಬೆನ್ನು ನೆನಪಿದೆ. ಯಾವಾಗಲೂ ಎರಡು ಹೆಜ್ಜೆ ಮುಂದೆ ನಡೆಯೋರು.”

ಅದೊಂದು ಮಾತು ಅಕ್ಕನ ಎದೆಗೆ ತಾಗಿತು. ಅವಳು ನೆಟ್ಟಗೆ ಎದ್ದುಹೋಗಿ ಇಂಜಿನಿಯರ ಮುಂದೆ ಕಾರ್ಡು ಚಾಚಿದಳು.

ಇಪ್ಪತ್ತಾರು ವರ್ಷದ ರೂಢಿ. ಅವರ ಕೈ ತಾನಾಗಿ ಪೆನ್ನು ತೆಗೆಯಿತು. ಕಾರ್ಡು ತಿರುವಿ, ಖಾಲಿ ಬದಿಯಲ್ಲಿ ಬರೆದು ಹಿಂದಕ್ಕೆ ಕೊಟ್ಟರು. ಪ್ರಶ್ನೆಯ ಬದಿಯನ್ನು ನೋಡಲೇ ಇಲ್ಲ.

“ಮಗೂನ ಕಳಿಸಿಕೊಡಿ, ಅಕ್ಕ. ಇದು ನಿಲ್ಲಬಾರದು.”

“ಇದು ಮಗೂದಲ್ಲ ಸ್ವಾಮಿ, ಇದು...”

ಬಾಗಿಲಲ್ಲಿ ವ್ಯಾನು ಬಂದು ನಿಂತಿತು. ನಾಲ್ಕು ಜನ ಮಂಚಕ್ಕೆ ಕೈ ಹಚ್ಚಿದರು, ಇಂಜಿನಿಯರೂ ಅವರ ಜೊತೆ ಸೇರಿದರು. ಮಾತು ಅಲ್ಲಿಗೇ ಉಳಿಯಿತು. ಕೊನೆಗೆ ಕಾರ್ಡನ್ನು ಅವನ ಜೇಬಿಗೇ ಹಾಕಿ ಕಳಿಸಿಬಿಡೋಣ ಎಂದು ಅಕ್ಕ ಬಗ್ಗಿದಳು. ಆಗ ಹಿಂಬದಿ ಕಣ್ಣಿಗೆ ಬಿತ್ತು. ‘ಶನಿವಾರ ನಾಲ್ಕು ಗಂಟೆ.’

ಹೊತ್ತು ಕೊಟ್ಟಾಗಿತ್ತು. ಅವಳು ಅಂಗಿಯ ಜೇಬನ್ನು ಒಂದು ಸಲ ಸವರಿ, ಕಾರ್ಡನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆರು ಗಂಟೆಗೆ ಎಲ್ಲ ಮುಗಿದು ಮನೆಗೆ ಬಂದಾಗ ನಡುಮನೆಯಲ್ಲಿ ಬಾಡಿಗೆಯ ಕುರ್ಚಿಗಳು ಇಬ್ಬಿಬ್ಬರು ಮಾತಿಗೆ ಕೂತಂತೆ ಎದುರುಬದುರಾಗಿದ್ದವು. ಅಕ್ಕ ದೀಪ ಹಾಕದೆ ಅವುಗಳ ನಡುವೆ ಹಾದು ಅಡಿಗೆಮನೆಗೆ ಹೋದಳು. ಕೈ ತಪ್ಪಿ ಎರಡು ತಟ್ಟೆ ತೆಗೆದಳು. ಒಂದನ್ನು ಮತ್ತೆ ಇಟ್ಟಳು.

*

ಶನಿವಾರ ಮುಕ್ಕಾಲು ಗಂಟೆ ಮೊದಲೇ ಹೊರಟು ಸೇತುವೆ ಕಚೇರಿ ಮುಟ್ಟಿದಳು. ಬಾಗಿಲ ಪಕ್ಕದ ಬೆಂಚಿನಲ್ಲಿ ಒಂದು ಕಡೆಯ ಹಲಗೆ ಸವೆದು ನುಣುಪಾಗಿತ್ತು. ಅಲ್ಲೇ ಕೂತಳು. ನಾಲ್ಕಕ್ಕೆ ಬಾಗಿಲು ತೆರೆಯಿತು. ಇಂಜಿನಿಯರು ಅವಳ ಆಚೆ ಈಚೆ, ಮಗುವಿನ ಎತ್ತರಕ್ಕೆ ಕಣ್ಣು ಹಾಯಿಸಿದರು.

“ಮಗು ಎಲ್ಲಮ್ಮ?”

ಅಕ್ಕ ಕಾರ್ಡು ಕೊಟ್ಟಳು. ಅವರು ತಮ್ಮದೇ ಅಕ್ಷರ ನೋಡಿದರು, ತಿರುವಿದರು, ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಇಷ್ಟು ವರ್ಷ ಇಲ್ಲೇ ಹೊರಗೆ ಕೂತಿದ್ದನಲ್ಲ,” ಎಂದರು. ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತರು. “ಒಳಗೆ ಬನ್ನಿ.”

ತಮ್ಮ ಹೊರಟುಹೋದದ್ದು ಗುರುವಾರ. ಶನಿವಾರ ಅವನ ಪ್ರಶ್ನೆ ಹಿಡಿದು ಅಕ್ಕ ಒಳಗೆ ಹೋದಳು. ಹೊರಗೆ ಬೆಂಚಿನ ಮೇಲೆ ಯಾರೂ ಇರಲಿಲ್ಲ.