ಹೊಳೆ ಇಳಿಯುವವರೆಗೆ ಕೆಂಪು ಮೀನು

ಕೃಷ್ಣೆಗೆ ಒಂದೇ ದಂಡೆ ಇದ್ದ ಕಾಲ ಯಾವುದೂ ಇರಲಿಲ್ಲ ಎಂದು ನಮ್ಮಜ್ಜಿ ಈ ಕಥೆ ಶುರುಮಾಡುತ್ತಿದ್ದಳು. ಆದ್ದರಿಂದ ಹೈದರಾಬಾದಿನಲ್ಲಿ ನಿಜಾಮರು ಆಳುತ್ತಿದ್ದಾಗ, ಈಚೆ ದಂಡೆಯ ಮಕ್ತಲ್‌ನಲ್ಲಿ ಒಬ್ಬ ತಂಗಿ ಇದ್ದಳು, ಆಚೆ ದಂಡೆಯ ಗದ್ವಾಲದಲ್ಲಿ ಒಬ್ಬ ಅಕ್ಕ ಇದ್ದಳು. ನಡುವೆ ತುಂಬಿದ ಹೊಳೆ.

ತಂಗಿ ಬುಗ್ಗಮ್ಮನ ಹತ್ತಿರ ಅಕ್ಕನ ಕೆಂಪು ಮೀನೊಂದು ಉಳಿದಿತ್ತು. ಅಪ್ಪ ನಾರಾಯಣಪೇಟೆ ಸೀರೆ ಮಾರಲು ಹೈದರಾಬಾದಿಗೆ ಹೋದಾಗ ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ತಂದದ್ದು. ಅಕ್ಕ ಶೇಖಮ್ಮ ಭರಣಿಯ ಅಂಚನ್ನು ಬೆರಳಿನಿಂದ ತಟ್ಟಿದರೆ ಮೀನು ಮೇಲೆ ಬರುತ್ತಿತ್ತು. ಬುಗ್ಗಮ್ಮ ತಟ್ಟಿದರೆ ಬರುತ್ತಿರಲಿಲ್ಲ. ಮದುವೆಯಾಗಿ ಅಕ್ಕ ಹೊರಟ ದಿನ ಹರಿಗೋಲಿನ ತುಂಬ ಬೀಗರು, ಪಾತ್ರೆ, ಗಂಟು, ಭರಣಿಗೆ ಜಾಗವಿರಲಿಲ್ಲ.

“ಮಳಿ ಮುಗದು ಹೊಳಿ ಇಳೀಲಿ ಅಕ್ಕ, ನಾನಾ ತಂದ್ಕೊಡ್ತೀನಿ” ಎಂದು ಬುಗ್ಗಮ್ಮ ಮಾತು ಕೊಟ್ಟಳು.

ಆ ಮಳೆಗಾಲ ಮುಗಿಯಲೊಲ್ಲದು. ಸಂಜೆ ಭರಣಿಯ ಗಾಜಿನೊಳಗೆ ಹಿಂದಿನ ಬಾಗಿಲು ಬಳುಕಿ ಕಾಣುತ್ತಿತ್ತು. ಆ ಬಾಗಿಲಿನಿಂದ ಅಕ್ಕ ಬಂದಂತೆ ಅನಿಸಿ ಬುಗ್ಗಮ್ಮ ಎಷ್ಟೋ ಸಲ ತಿರುಗಿ ನೋಡಿದ್ದಳು.

ಶ್ರಾವಣದಲ್ಲಿ ಮೀನು ತಳದ ಕಲ್ಲಿಗೆ ಮೈ ಉಜ್ಜತೊಡಗಿತು. ರೆಕ್ಕೆ ಮುದುರಿಕೊಂಡಿತು. ಮರುದಿನ ಮೈತುಂಬ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ. ಅವ್ವ ಮಹಾಂತಮ್ಮ ನೋಡಿದವಳೇ ಕೈಮುಗಿದು, ಅಮ್ಮ ಬಂದಿದ್ದಾಳೆ ಎಂದಳು. ಮಕ್ಕಳಿಗೆ ಸಿಡುಬು ಎದ್ದಾಗ ಮಾಡುವುದನ್ನೆಲ್ಲ ಮೀನಿಗೂ ಮಾಡಿದರು. ಭರಣಿಯ ಸುತ್ತ ಬೇವಿನ ಸೊಪ್ಪು ಬಂತು, ಒಗ್ಗರಣೆ ನಿಂತಿತು, ಉಪ್ಪಿನ ಗಡಿಗೆ ಮೇಲಿನ ಗೂಡು ಸೇರಿತು. ತಂಪಿಗೆಂದು ಮೊಸರನ್ನದ ಎಡೆ ನೀರಿಗೇ ಬಿತ್ತು. ಪಕ್ಕದ ಮನೆಯ ಬುಚ್ಚಮ್ಮ ಬಾಗಿಲಲ್ಲೇ ನಿಂತು, ಹಾಗೇ ಒಂದು ತೊಟ್ಟಿಲೂ ಕಟ್ಟಿರಿ ಎಂದು ನಕ್ಕು ಹೋದಳು.

ನೀರು ಗಂಜಿಯಂತಾಗಿ ನಾತ ಹೊಡೆಯಿತು. ಮೀನು ಮೇಲೆ ಬಂದಿತು. ತಟ್ಟದೆಯೇ ನನ್ನ ಹತ್ತಿರ ಬಂತಲ್ಲ ಎಂದು ಬುಗ್ಗಮ್ಮ ಒಂದು ಗಳಿಗೆ ಹಿಗ್ಗಿದಳು. ಅದು ಬಾಯಿ ಬಿಟ್ಟು ಗಾಳಿ ನುಂಗುತ್ತಿತ್ತು.

ಅವಳು ಭರಣಿ ಬಿಟ್ಟು ಏಳಲಿಲ್ಲ. ಚುಕ್ಕೆಗಳು ಉದುರಿದವು, ಮತ್ತೆ ಮೊದಲಿಗಿಂತ ದಟ್ಟವಾಗಿ ಎದ್ದವು. ಆಗ ಅಕ್ಕನ ಕೈ ನೆನಪಾಯಿತು. ಅಮಾವಾಸ್ಯೆಗೊಮ್ಮೆ ಅಕ್ಕ ಹರಳುಪ್ಪನ್ನು ಭರಣಿಗೆ ನಿವಾಳಿಸಿ, ಒಲೆಗೆ ಹಾಕದೆ ನೀರಿಗೇ ಬಿಡುತ್ತಿದ್ದಳು. ಅದು ಬರೀ ದೃಷ್ಟಿ ತೆಗೆಯುವುದೆಂದು ಬುಗ್ಗಮ್ಮ ತಿಳಿದಿದ್ದಳು. ಆದರೆ ಅಕ್ಕ ಇರುವಷ್ಟು ದಿನ ಮೀನಿನ ಮೈಮೇಲೆ ಒಂದು ಚುಕ್ಕೆಯೂ ಎದ್ದಿರಲಿಲ್ಲ.

ಅವಳು ಉಪ್ಪಿಗೆಂದು ಗೂಡಿಗೆ ಕೈ ಹಾಕಿದ್ದನ್ನು ಅವ್ವ ಕಂಡಳು.

“ಅಮ್ಮ ಇದ್ದ ಮನ್ಯಾಗ ಉಪ್ಪು ಮುಟ್ತೀಯೇನ? ಮುನದ್ರ?”

“ಅಮ್ಮ ಒಮ್ಮಿ ಬಂದು ಇಳದು ಹೋಗ್ತಾಳವ್ವ. ಈ ಚುಕ್ಕಿ ನೀರಾಗ ಉದರಿ, ಮರಿ ಹಾಕ್ಕೊಂಡು ಬರಾಕತ್ಯಾವ. ಮುನದ್ರ ನನ್ನ ಮ್ಯಾಲ ಮುನೀಲಿ. ಅಕ್ಕನ ಮುಂದ ಖಾಲಿ ಭರಣಿ ಹಿಡಕೊಂಡು ಹ್ಯಾಂಗ ನಿಂದರ್ಲಿ?”



“ಗಂಡನ ಮನಿಗೆ ಹೋದಾಕಿ ಮಾತು ಇನ್ನಾ ಇಲ್ಲೇ ನಡೀತೈತಿ” ಎಂದು ಅವ್ವ ಗೊಣಗಿ, ಬೇವಿನ ಸೊಪ್ಪಿಗೆ ಕೈಮುಗಿದು, ಗಡಿಗೆಯನ್ನು ತಾನೇ ಇಳಿಸಿಕೊಟ್ಟಳು.

ಬುಗ್ಗಮ್ಮ ಕೊಳೆತ ಅನ್ನ ತೆಗೆದಳು. ಹಿಂದಿನ ದಿನವೇ ಸೇದಿಟ್ಟು ಬಿಸಿಲಿಗೆ ಬೆಚ್ಚಗಾದ ಬಾವಿನೀರಿನಲ್ಲಿ ಉಪ್ಪು ಕರಗಿಸಿ, ಹಳೆಯ ನೀರು ಸ್ವಲ್ಪ ಸ್ವಲ್ಪ ತೆಗೆದಂತೆ ಇದನ್ನು ಸೇರಿಸಿದಳು. ದಿನವೂ ಹೀಗೇ. ಚುಕ್ಕೆ ಪೂರ್ತಿ ಹೋದ ಮೇಲೂ, ನೀರಿನಲ್ಲಿ ಅಡಗಿದ್ದಾವು ಎಂದು ಉಪ್ಪು ಬಿಡಲಿಲ್ಲ. ಕೊನೆಗೆ ಮೀನು ರೆಕ್ಕೆ ಬಿಚ್ಚಿತು.

ಮಹಾನವಮಿ ಕಳೆದು ಹೊಳೆ ಇಳಿಯಿತು. ಹರಿಗೋಲಿನಲ್ಲಿ ಭರಣಿಯನ್ನು ತೊಡೆಯ ಮೇಲೆ ತಬ್ಬಿ ಕುಳಿತವಳನ್ನು ನೋಡಿ ಅಂಬಿಗ ತಾಯಣ್ಣ, ಬಂಗಾರ ಒಯ್ಯುವವರೂ ಹೀಗೆ ಹಿಡಿದುಕೊಳ್ಳುವುದಿಲ್ಲ ಎಂದ. ನಡುಹೊಳೆಯಲ್ಲಿ ಬುಗ್ಗಮ್ಮನಿಗೆ ಹೊಳೆಯಿತು: ಇದನ್ನು ಕೊಟ್ಟುಬಿಟ್ಟರೆ ಅಕ್ಕನದೆಂದು ಮನೆಯಲ್ಲಿ ಏನೂ ಉಳಿಯುವುದಿಲ್ಲ. ಹರಿಗೋಲು ಇನ್ನಷ್ಟು ನಿಧಾನ ಹೋಗಲಿ ಅನಿಸಿತು.

ಗದ್ವಾಲದ ಮನೆಯಲ್ಲಿ ಅತ್ತೆ ಎದುರಿಗೇ ಇದ್ದಳು. ಅಕ್ಕ ಸೆರಗು ಹೊದ್ದು ಬಂದು, ತಂಗಿಯ ಮುಖ ನೋಡಿ, ಭರಣಿ ನೋಡಿ, ಮತ್ತೆ ಮುಖ ನೋಡಿದಳು. ಹಿತ್ತಲ ಕಲ್ಲುಬಾನಿಯ ನೀರನ್ನು ಬುಗ್ಗಮ್ಮ ಬೊಗಸೆ ಬೊಗಸೆಯಾಗಿ ಭರಣಿಗೆ ಬೆರೆಸಿದಳು. ಮೀನು ಹೊಸ ನೀರಿಗೆ ಒಗ್ಗುವವರೆಗೆ ಅಕ್ಕತಂಗಿಯರು ಭುಜಕ್ಕೆ ಭುಜ ತಾಗಿಸಿ ಕುಳಿತರು. ಆಮೇಲೆ ಬುಗ್ಗಮ್ಮ ಭರಣಿಯನ್ನು ಮೆಲ್ಲಗೆ ಬಾನಿಯೊಳಗೆ ವಾಲಿಸಿದಳು.

ಶೇಖಮ್ಮ ಕಲ್ಲಿನ ಅಂಚನ್ನು ಬೆರಳಿನಿಂದ ತಟ್ಟಿದಳು. ಮೀನು ಮೇಲೆ ಬಂದಿತು.