ಪಾತ್ರ ಬರೆದುಕೊಡುವ ಸಿದ್ದಲಿಂಗಪ್ಪನವರು

ಸಿದ್ದಲಿಂಗಪ್ಪನವರಿಗೆ ಮೌನವಾಗಿ ಬರೆಯಲು ಬರುತ್ತಿರಲಿಲ್ಲ. ರಾಣೆಬೆನ್ನೂರಿನ ತಮ್ಮ ಬಟ್ಟೆಯಂಗಡಿಯ ಗಾದಿಯ ಮೇಲೆ, ಬೇಸಿಗೆಯಲ್ಲೂ ಕಳಚದ ಕರಿ ಕೋಟು ತೊಟ್ಟು ಕುಳಿತು, ಹಲಗೇರಿಯ ಬಯಲಾಟದ ಹಳೆಯ ಪ್ರತಿಯಿಂದ ಒಬ್ಬೊಬ್ಬ ನಟನ ಮಾತನ್ನೂ ಬೇರೆ ಬೇರೆ ಹಾಳೆಗಿಳಿಸುವಾಗ ಅವರು ದುರ್ಯೋಧನನಾಗಿ ಗುಡುಗುತ್ತಿದ್ದರು, ದ್ರೌಪದಿಯಾಗಿ ಕಣ್ಣೀರು ಸುರಿಸುತ್ತಿದ್ದರು. ಸೀರೆ ಕೊಳ್ಳಲು ಬಂದವರು ಬೆದರಿ ಹೊಸ್ತಿಲಲ್ಲೇ ನಿಂತದ್ದನ್ನು, ಪಕ್ಕದ ಅಂಗಡಿಯವನಾದ ನಾನು ಎಷ್ಟೋ ಸಲ ಕಂಡಿದ್ದೇನೆ.

ಝೆರಾಕ್ಸ್ ಮಾಡಿಸಿದರಾಗದೇ ಎಂದು ಒಮ್ಮೆ ಕೇಳಿದೆ.

"ಮಷೀನಿಗೆ ಅಳು ಬರ್ತೈತೇನ್ರೀ?" ಎಂದರು.

ಈಚೆಗೆ ಅವರ ಕಣ್ಣಿಗೆ ಪೊರೆ ಬಂತು. ಅವರು ಒಪ್ಪಲಿಲ್ಲ; ದೀಪ ಮಂದವೆಂದು ಬೈದರು, ಕಾಗದ ಕೀಳೆಂದು ಬೈದರು. ಕಡೆಗೆ ಮಡದಿ ಪುಷ್ಪಲತಾ ಹಟ ಹಿಡಿದು ಹಾವೇರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರು. ನಾನು ನೋಡಲು ಹೋದಾಗ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ಕೋಟಿನ ಗುಂಡಿ ತಿರುವುತ್ತ, "ಬರಿಯಾಕ ಆಗದಿದ್ರ ನಾ ಯಾರಿಗೆ ಬೇಕ್ರೀ?" ಎಂದರು.

ಪಟ್ಟಿ ಬಿಚ್ಚಿದರು, ದೃಷ್ಟಿ ನಿಚ್ಚಳವಾಗಿತ್ತು. ಅಂಗಡಿಗೆ ಮರಳಿದ ದಿನವೇ, ಭೀಮನ ಪಾತ್ರದ ದುರಗಪ್ಪ ಹಿಂದೆ ಅಲ್ಲಿ ಮರೆತುಹೋಗಿದ್ದ ಹಾಳೆಗಳು ಕೈಗೆ ಸಿಕ್ಕವು. ಪೊರೆಗಣ್ಣಿನಲ್ಲಿ ತಾವೇ ಬರೆದವು. ಸಾಲಿನ ಮೇಲೆ ಸಾಲು ಹತ್ತಿತ್ತು, ಅಕ್ಷರವನ್ನು ಅಕ್ಷರ ನುಂಗಿತ್ತು. ಅವರ ಮುಖ ಕಂದಿತು. ದುರಗಪ್ಪನನ್ನು ಕರೆಸಿದರು.

"ಇದನ್ನ ಹೆಂಗ ಓದಿದಿಯೋ?"

"ಓದಿಲ್ರೀ ಸಾವ್ಕಾರ್ರ."

"ಮತ್ತ ಆಟದಾಗ ಒಂದು ಮಾತೂ ತಪ್ಪಲಿಲ್ಲಲ್ಲ?"

ದುರಗಪ್ಪ ತಲೆ ಕೆರೆದುಕೊಂಡ. "ಚಾ ಕುಡಿಯಾಕ ಬಂದಾಗೆಲ್ಲಾ 'ಆ ಮಾತು ಒಂದೀಟು ಅಂದು ತೋರಿಸ್ರಿ' ಅಂತಿದ್ವಲ್ರೀ? ನೀವು ಅಂತಿದ್ರಿ, ನಾವು ಕಲೀತಿದ್ವಿ. ಓದಾಕ ಬರವಲ್ದು ಅಂದಿದ್ರ ನೀವು ಬರಿಯೂದನ್ನ ಬಿಟ್ಟುಬಿಡ್ತಿದ್ರಿ."

ಸಿದ್ದಲಿಂಗಪ್ಪನವರು ಆ ಹಾಳೆಗಳನ್ನು ಮತ್ತೊಮ್ಮೆ ತಿರುವಿಹಾಕಿದರು. ನಟರು ತಮ್ಮ ಕಂಠಕ್ಕೆ ಮರುಳಾಗಿ ಬರುತ್ತಾರೆಂದೇ ಅವರು ನಂಬಿದ್ದರು. ಆಮೇಲೆ, ಹೊತ್ತ ಮೂಟೆಯನ್ನು ಯಾರೋ ಇಳಿಸಿಕೊಂಡಂತೆ ಉಸಿರುಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕುಂದರಲೇ. ಎಲ್ಲಾ ಮತ್ತೊಮ್ಮೆ ನೆಟ್ಟಗ ಬರದು ಕೊಡ್ತೀನಿ."

ಅನ್ಯರ ಮಾತನ್ನು ತಮ್ಮ ಕೈಯಾರೆ ಇಳಿಸಿಕೊಡುವ ಇಂಥವರ ಹೆಸರು ಯಾವ ಕರಪತ್ರದಲ್ಲೂ ಅಚ್ಚಾಗುವುದಿಲ್ಲ. ತಾವು ಬೇಕಾದವರೋ ಅಲ್ಲವೋ ಎಂಬ ಅಳುಕು ಅವರನ್ನು ಕೊನೆತನಕ ಬಿಡುವುದೂ ಇಲ್ಲ. ಬೇಕೆಂದು ಊರು ಬಾಯಿಬಿಟ್ಟು ಹೇಳುವುದಿಲ್ಲ. ಓದಲು ಬಾರದ ಹಾಳೆಯನ್ನೂ ಎರಡೂ ಕೈಯೊಡ್ಡಿ ಇಸಿದುಕೊಂಡು ಹೋಗುತ್ತದೆ.